ನಮ್ಮ ಸಾಲ ಬರಕೊಂಡು ಹೋದವರು

ಮಳಖೇಡದ ಕೇರಿಯಲ್ಲಿ ಒಂದು ಬ್ಯಾಸಗಿ ನಾವು ಮನೆಮನೆ ತಿರುಗಿ ಪ್ರಶ್ನೆ ಕೇಳಿದೆವು. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕುಂತಿದ್ದ ನಮ್ಮಂಥ ನಾಲ್ಕು ಮಂದಿಗೆ ದೂರದ ಊರಿನ ಸಂಶೋಧಕರು ಒಂದು ಫಾರಮ್ಮಿಗೆ ಇಷ್ಟು ಎಂದು ಕೂಲಿ ಗೊತ್ತುಮಾಡಿ ಕೈಗೆ ಟ್ಯಾಬು ಕೊಟ್ಟಿದ್ದರು. ಬಡವರಿಗೆ ಹಣಕಾಸಿನ ಪ್ರವೇಶ ಎಷ್ಟರಮಟ್ಟಿಗೆ ಸಿಕ್ಕಿದೆ ಎಂಬುದು ಅಧ್ಯಯನದ ವಿಷಯ. ಬ್ಯಾಂಕು ಎಷ್ಟು ದೂರ, ಖಾತೆ ಇದೆಯೇ, ಸಾಲ ಎಷ್ಟು, ಯಾರ ಹತ್ತಿರ, ಯಾವ ಉದ್ದೇಶಕ್ಕೆ – ಹೀಗೆ ಪ್ರಶ್ನೆಗಳು. ಒಂದೊಂದು ಮನೆಗೆ ಮುಕ್ಕಾಲು ತಾಸು.

ಒಬ್ಬ ಆಯಿಯ ಮನೆಯ ಕಟ್ಟೆಯ ಮೇಲೆ ಕುಂತು ಕೇಳುತ್ತಿದ್ದೆವು. ಸುತ್ತ ಓಣಿಯ ಮಂದಿ ನಿಂತಿದ್ದರು. ಅವರಲ್ಲಿ ಸಾವಕಾರನ ಮನೆಯ ಆಳೂ ಒಬ್ಬ. 'ಬ್ಯಾಂಕಿಂದು ಇಲ್ಲಪ್ಪ. ಸಂಘದ್ದು ಅದ, ವಾರಾ ವಾರಾ ಕಟ್ತೀನಿ. ಬ್ಯಾರೆ ಯಾರದೂ ಇಲ್ಲ' ಅಂದಳು. ಅದನ್ನೇ ಬರಕೊಂಡೆವು.

ನಾವು ಎದ್ದು ಬೇವಿನ ಗಿಡದ ತನಕ ಬಂದಾಗ ಆಯಿ ಹಿಂದೆಯೇ ಬಂದಳು. ದನಿ ಇಳಿಸಿ ಹೇಳಿದಳು: 'ತಮ್ಮಾ, ಸಾವಕಾರಂದೂ ಅದ. ಮಗಳ ಬಾಣಂತನಕ್ಕ ತಂದೀನಿ. ನೂರಕ್ಕ ಐದು. ಅವನ ಆಳು ಎದುರಿಗಿದ್ದಾಗ ಹ್ಯಾಂಗ ಹೇಳ್ಲಿ? ಅದ್ರಾಗ ಬರಿಬ್ಯಾಡ.' ಆಮೇಲೆ ಟ್ಯಾಬಿನ ಕಡೆ ಕೈ ಮಾಡಿ ಕೇಳಿದಳು: 'ಇಷ್ಟೆಲ್ಲ ಬರಕೊಂಡು ಹೋಗಿ ಏನ್ ಮಾಡ್ತೀರಿ?'

ನಮ್ಮಲ್ಲಿ ಉತ್ತರ ಇರಲಿಲ್ಲ. ಆಕೆ ಹೇಳಿದಂತೆ ಆ ಸಾಲವನ್ನು ಬರೆಯಲೂ ಇಲ್ಲ. ಸತ್ಯ ಗೊತ್ತಿದ್ದೂ ಸುಳ್ಳು ಅಂಕಿಯನ್ನು ಕಳಿಸಿಕೊಟ್ಟು ಕೂಲಿ ತಗೊಂಡೆವು. ಬರೆದಿದ್ದರೆ ಆಕೆಗೆ ದ್ರೋಹ. ಬರೆಯದ್ದರಿಂದ ಆಕೆಯ ನೋವು ಲೆಕ್ಕದಿಂದಲೇ ಹೊರಗೆ. ಇದರಲ್ಲಿ ಯಾವುದು ಸರಿ ಎಂದು ನಮ್ಮೊಳಗೇ ಎಷ್ಟೋ ರಾತ್ರಿ ಜಗಳವಾಗಿದೆ. ಕೊನೆಗೆ ನಮಗೆ ತಿಳಿದದ್ದಿಷ್ಟು: ತಪ್ಪು ಆ ಸಂಜೆ ಬೇವಿನ ಗಿಡದ ಕೆಳಗೆ ಆದದ್ದಲ್ಲ, ಅದಕ್ಕೂ ಮುಂಚೆ ಆದದ್ದು. ಸಾಲ ತಂದವನು ಸಾಲ ಕೊಟ್ಟವನಿಗೆ ಏನು ಬಾಕಿ ಎಂಬುದನ್ನು ಧರ್ಮಶಾಸ್ತ್ರದಿಂದ ಹಿಡಿದು ಬ್ಯಾಂಕಿನ ಕರಾರುಪತ್ರದವರೆಗೆ ಎಲ್ಲರೂ ಬರೆದಿಟ್ಟಿದ್ದಾರೆ. ಆದರೆ ಸಾಲಗಾರನ ಬದುಕನ್ನು ಕೇಳಿ ಬರಕೊಂಡು ಹೋದವನು ಸಾಲಗಾರನಿಗೆ ಏನು ಬಾಕಿ? ಈ ಪ್ರಶ್ನೆಯನ್ನು ಎತ್ತುವುದಕ್ಕೇ ಈ ಲೇಖನ.

ಆಯಿ ಹೇಳಿದ 'ನೂರಕ್ಕೆ ಐದು' ಎಂಬ ದರದ ಜಾತಕ ಬಹಳ ಹಳೆಯದು. ಬಡ್ಡಿಯನ್ನು ವರ್ಣದ ಮೇಲೆ ಹಂಚಿದವನು ಮನು. ತಿಂಗಳಿಗೆ ನೂರಕ್ಕೆ ಬ್ರಾಹ್ಮಣನಿಂದ ಎರಡು, ಕ್ಷತ್ರಿಯನಿಂದ ಮೂರು, ವೈಶ್ಯನಿಂದ ನಾಲ್ಕು, ಶೂದ್ರನಿಂದ ಐದು. ಅವನ ಪಟ್ಟಿಯಲ್ಲಿ ಊರಹೊರಗಿನವರಿಗೆ ಜಾಗವೇ ಇಲ್ಲ. ತಿಂಗಳಿಗೆ ಐದು ಎಂದರೆ ಹತ್ತು ಸಾವಿರಕ್ಕೆ ವರ್ಷಕ್ಕೆ ಆರು ಸಾವಿರ. ಸ್ಮೃತಿಯನ್ನು ಓದದ ಸಾವಕಾರನೂ, ಸ್ಮೃತಿಯ ಹೆಸರೇ ಕೇಳದ ಆಯಿಯೂ ಅದೇ ದರದ ಎರಡು ಬದಿಗೆ ನಿಂತಿದ್ದಾರೆ.

ನಮ್ಮ ಮಳಖೇಡಕ್ಕೂ ಲೆಕ್ಕಕ್ಕೂ ಇರುವ ನಂಟು ಕೂಡ ಹೊಸದಲ್ಲ. ರಾಷ್ಟ್ರಕೂಟರ ಮಾನ್ಯಖೇಟ ಇದು. ಒಂಬತ್ತನೆಯ ಶತಮಾನದಲ್ಲಿ ಇಲ್ಲಿಂದ ಆಳಿದ ಅಮೋಘವರ್ಷನನ್ನು ಹೊಗಳುತ್ತ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ' ಆರಂಭಿಸುತ್ತಾನೆ. ಅದರಲ್ಲಿ ಅಸಲು, ಬಡ್ಡಿ, ಅವಧಿ ಕಂಡುಹಿಡಿಯುವ ಲೆಕ್ಕಗಳಿವೆ. ಅದೇ ಆಸ್ಥಾನದ ಕವಿರಾಜಮಾರ್ಗ ಅಕ್ಷರ ಕಲಿಯದ ಜನರ ಕಾವ್ಯಜ್ಞಾನವನ್ನು ಮೆಚ್ಚಿಕೊಂಡಿತು. ಆದರೆ ಅಕ್ಷರ ಕಲಿಯದ ನಮ್ಮ ಅವ್ವಂದಿರು ಬಾಯಿಲೆಕ್ಕದಲ್ಲೇ ಬಡ್ಡಿ ಹಾಕುವುದನ್ನು ಮೆಚ್ಚಿಕೊಂಡ ಗ್ರಂಥ ನಮಗೆ ಸಿಕ್ಕಿಲ್ಲ. ಆಷಾಢದಲ್ಲಿ ತಂದ ಒಂದು ಚೀಲ ಜೋಳಕ್ಕೆ ರಾಶಿಯಾದ ಮೇಲೆ ಒಂದೂವರೆ ಚೀಲ ಅಳೆಯಬೇಕೆಂದರೆ ಎಂಟು ತಿಂಗಳಿಗೆ ನೂರಕ್ಕೆ ಐವತ್ತು, ವರ್ಷದ ಲೆಕ್ಕಕ್ಕೆ ಎಪ್ಪತ್ತೈದು. ಇದನ್ನು ಕೇರಿಯ ಹೆಣ್ಣುಮಕ್ಕಳು ಬೆರಳ ಮೇಲೆ ಹೇಳುತ್ತಾರೆ. ಅವರಿಗೆ ಬಾರದ್ದು ಲೆಕ್ಕವಲ್ಲ. ಅವರ ಕೈಗೆ ಬಾರದ್ದು ರೊಕ್ಕ.

'ಪ್ರವೇಶ' ಎಂಬ ಮಾತನ್ನೂ ಸ್ವಲ್ಪ ನೋಡಬೇಕು. ನಮ್ಮ ಜನಕ್ಕೆ ಈ ಮಾತು ರಕ್ತದ ಜೊತೆ ಬಂದದ್ದು. 1927ರಲ್ಲಿ ಮಹಾಡದ ಚೌದಾರ್ ಕೆರೆ, 1930ರಲ್ಲಿ ನಾಸಿಕದ ಕಾಳಾರಾಮ ಗುಡಿ. ಅಲ್ಲಿ ಪ್ರವೇಶ ಎಂದರೆ ಹಕ್ಕು. ಕೆರೆಯ ನೀರು ಕುಡಿದವನು ವಾರಕ್ಕೊಮ್ಮೆ ಕಂತು ಕಟ್ಟಬೇಕಾಗಿರಲಿಲ್ಲ. ಈಗ ಅದೇ ಮಾತನ್ನು ಸಾಲಕ್ಕೆ ಹಚ್ಚಿದ್ದಾರೆ. ಸಾಲ ಸಿಕ್ಕರೆ ಒಳಗೆ ಬಂದಂತೆ, ಸಿಗದಿದ್ದರೆ ಹೊರಗೆ ಉಳಿದಂತೆ. ಬ್ಯಾಂಕಿನಲ್ಲಿರುವುದು ಜನರ ರೊಕ್ಕ, ಅದರ ಬಾಗಿಲು ನಮಗೂ ತೆರೆಯಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಸಾಲ ಕೊಡುವುದನ್ನೂ ಒಳಗೆ ಬಿಟ್ಟುಕೊಳ್ಳುವುದನ್ನೂ ಒಂದೇ ಎಂದು ತಿಳಿದರೆ ಮೋಸ ಹೋಗುತ್ತೇವೆ. ನಿಜಾಮರ ಸೀಮೆಯಾಗಿದ್ದ ನಮ್ಮ ಭಾಗದಲ್ಲಿ ಭಗೇಲಾ ಎಂಬ ಪದ್ಧತಿ ಇತ್ತು. ಸಾಲ ತಂದ ಭೂಹೀನ ಕೂಲಿ, ಸಾಲ ತೀರುವ ತನಕ ಒಡೆಯನ ಹೊಲದಲ್ಲಿ ದುಡಿಯಬೇಕು. ಸಾಲ ತೀರುತ್ತಲೇ ಇರಲಿಲ್ಲ. ಅವನಿಗೂ ಸಾಲ ಸಿಕ್ಕಿತ್ತು! ಸಾಲದ ಬಾಗಿಲಿನಿಂದ ಒಳಗೆ ಹೋದವನು ಹೊರಗೆ ಬರಲಿಲ್ಲ ಅಷ್ಟೆ. ಜೀತಪದ್ಧತಿ ರದ್ದತಿ ಕಾಯ್ದೆಗೆ 1976ರವರೆಗೆ ಕಾಯಬೇಕಾಯಿತು.

ಹಾಗೆಂದು ಸಂಶೋಧನೆಯೇ ಬೇಡ ಎಂಬುದು ನಮ್ಮ ಮಾತಲ್ಲ. ಅಂಕಿಗಳು ಹೋರಾಟಕ್ಕೆ ಆಯುಧವಾದದ್ದುಂಟು. 1951-52ರಲ್ಲಿ ರಿಸರ್ವ್ ಬ್ಯಾಂಕು ದೇಶದ 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ಗ್ರಾಮೀಣ ಸಾಲದ ಸಮೀಕ್ಷೆ ನಡೆಸಿತು. ಎ. ಡಿ. ಗೋರ್ವಾಲಾ ಅಧ್ಯಕ್ಷರಾಗಿದ್ದ ಸಮಿತಿಯ ವರದಿ 1954ರಲ್ಲಿ ಬಂತು. ಸಾಗುವಳಿದಾರರು ತಂದ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ 3.1, ಸರ್ಕಾರದ್ದು 3.3, ವಾಣಿಜ್ಯ ಬ್ಯಾಂಕುಗಳದ್ದು 0.9. ಲೇವಾದೇವಿಗಾರರದು ಹತ್ತಿರ ಹತ್ತಿರ 70. ಇದು ಸಾಗುವಳಿದಾರರ ಲೆಕ್ಕ, ಹೊಲವಿಲ್ಲದವರ ಪಾಡು ಹೇಗಿರಬೇಕು ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ. ಈ ವರದಿಯ ಬೆನ್ನಿಗೇ 1955ರಲ್ಲಿ ಸ್ಟೇಟ್ ಬ್ಯಾಂಕು ಹುಟ್ಟಿತು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು, 1975ರಲ್ಲಿ ಗ್ರಾಮೀಣ ಬ್ಯಾಂಕುಗಳು ಬಂದವು, 1976ರಲ್ಲಿ ದೇವರಾಜ ಅರಸರ ಕಾಲದ ಕರ್ನಾಟಕ ಋಣ ಪರಿಹಾರ ಕಾಯ್ದೆ ಬಡವರ ಖಾಸಗಿ ಸಾಲವನ್ನು ಮನ್ನಾ ಮಾಡಿತು.

1977ರಿಂದ 1990ರವರೆಗೆ ಇನ್ನೊಂದು ನಿಯಮವಿತ್ತು. ಬ್ಯಾಂಕು ಇರುವ ಊರಿನಲ್ಲಿ ಒಂದು ಹೊಸ ಶಾಖೆ ತೆರೆಯಬೇಕಾದರೆ ಬ್ಯಾಂಕೇ ಇಲ್ಲದ ಊರುಗಳಲ್ಲಿ ನಾಲ್ಕು ತೆರೆಯಬೇಕು. ಬರ್ಜೆಸ್ ಮತ್ತು ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಿಯಮದಿಂದ ಹಳ್ಳಿಗಳ ಬಡತನ ಇಳಿಯಿತು ಎಂದು ತೋರಿಸಿತು. ಹಳ್ಳಿಯಲ್ಲಿ ಶಾಖೆ ನಷ್ಟದ ಬಾಬತ್ತು ಎನ್ನುವವರ ಮುಖಕ್ಕೆ ಹಿಡಿಯಲು ಇಂಥ ಕನ್ನಡಿ ನಮಗೆ ಬೇಕೇಬೇಕು. ದುಃಖವೆಂದರೆ ಈ ಕನ್ನಡಿ ಇಂಗ್ಲಿಷಿನ ಗೋಡೆಗೆ ತೂಗುಬಿದ್ದಿದೆ. ಶಾಖೆ ಉಳಿಸಿರೆಂದು ಬ್ಯಾಂಕಿನ ಮುಂದೆ ಧರಣಿ ಕೂರುವವನ ಕೈಗೆ ಅದು ಎಟುಕುವುದಿಲ್ಲ.

ಈಗ ನಮಗೆ ಹತ್ತಿರದ ಹೈದರಾಬಾದಿಗೆ ಬರೋಣ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲು ಮಳಖೇಡ ರೋಡ್, ಸೇಡಂ ಹಾದು ಹೋಗುತ್ತದೆ. ತೊಗರಿ ರಾಶಿ ಮುಗಿದ ಮೇಲೆ ನಮ್ಮವರು ಅದೇ ರೈಲು ಹತ್ತಿ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಆ ಶಹರದಲ್ಲಿ ಕಿರುಸಾಲದ ಮೇಲೆ ಜಗತ್ತೇ ಓದಿದ ಒಂದು ಅಧ್ಯಯನ ನಡೆಯಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರದು. ಬ್ಯಾನರ್ಜಿ, ಡುಫ್ಲೊ ಇಬ್ಬರಿಗೂ 2019ರಲ್ಲಿ ನೊಬೆಲ್ ಬಂತು. ಸ್ಪಂದನ ಎಂಬ ಸಂಸ್ಥೆ ಹೊಸದಾಗಿ ಕಾಲಿಡಬಹುದಾದ 104 ಬಡ ಓಣಿಗಳನ್ನು 2005ರಲ್ಲಿ ಆರಿಸಿ, ಚೀಟಿ ಎತ್ತಿದಂತೆ 52ರಲ್ಲಿ ಶಾಖೆ ತೆರೆದರು, ಉಳಿದ 52ರಲ್ಲಿ ತೆರೆಯಲಿಲ್ಲ. ಆಮೇಲೆ ಎರಡೂ ಕಡೆ ಹೋಗಿ ಬದುಕು ಎಷ್ಟು ಬದಲಾಯಿತೆಂದು ಅಳೆದರು.

2015ರಲ್ಲಿ ಪ್ರಕಟವಾದ ಫಲಿತಾಂಶ ಪ್ರಾಮಾಣಿಕವಾಗಿದೆ. ಮೊದಲೇ ಚಿಕ್ಕಪುಟ್ಟ ವ್ಯಾಪಾರ ಇದ್ದವರು ಇನ್ನಷ್ಟು ಬಂಡವಾಳ ಹಾಕಿದರು. ಆದರೆ ಮಕ್ಕಳ ಓದು, ಆರೋಗ್ಯ, ಮನೆಯಲ್ಲಿ ಹೆಣ್ಣಿನ ಮಾತಿಗೆ ಬೆಲೆ – ಇವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಸಣ್ಣ ಸಾಲ ಕೊಟ್ಟರೆ ಬಡತನ ಮಾಯವಾಗುತ್ತದೆಂದು ಡಂಗುರ ಹೊಡೆಯುತ್ತಿದ್ದವರ ಬಾಯಿ ಕಟ್ಟಿಸಿದ ಅಧ್ಯಯನ ಇದು. ಅದಕ್ಕೆ ನಮ್ಮ ಗೌರವ ಸಲ್ಲಬೇಕು. ಆದರೆ ಅದರ ಒಳಗಿನ ಎರಡು ಸಂಗತಿ ಗಂಟಲಿಗೆ ಸಿಕ್ಕಿಕೊಂಡಿವೆ.

ಒಂದು: 104 ಓಣಿಗಳನ್ನು ಆರಿಸುವಾಗಲೇ ಕಟ್ಟಡ ಕೂಲಿಗಳು ಹೆಚ್ಚಾಗಿರುವ ಓಣಿಗಳನ್ನು ಬಿಟ್ಟರು. ಊರೂರು ಅಲೆಯುವವರು ಸಾಲಕ್ಕೆ ತಕ್ಕ ಗಿರಾಕಿಗಳಲ್ಲ ಎಂಬುದು ಕಾರಣ. ಎಂದರೆ ರೈಲು ಹತ್ತಿ ಹೋದ ನಮ್ಮ ಮಂದಿ ಸಾಲ ಸಿಕ್ಕವರ ಪಟ್ಟಿಯಲ್ಲೂ ಇಲ್ಲ, ಸಿಗದವರ ಪಟ್ಟಿಯಲ್ಲೂ ಇಲ್ಲ. ಅವರಿಗೆ ಚೀಟಿ ಎತ್ತುವ ಭಾಗ್ಯವೂ ಬರಲಿಲ್ಲ. ಬಡವರ ಪ್ರವೇಶವನ್ನು ಅಳೆಯುವ ಅಧ್ಯಯನಕ್ಕೇ ಕಡುಬಡವರಿಗೆ ಪ್ರವೇಶವಿಲ್ಲ!

ಎರಡು: ಖರ್ಚುಗಳಲ್ಲಿ 'ಆಮಿಷದ ವಸ್ತುಗಳು' ಎಂದು ಒಂದು ಗುಂಪು ಮಾಡಿದ್ದಾರೆ. ಸೆರೆ, ಜೂಜು, ತಂಬಾಕು, ಎಲೆ, ಹೊರಗಿನ ತಿಂಡಿ. ಇವುಗಳ ಖರ್ಚು ಇಳಿದದ್ದನ್ನು ಫಲಿತಾಂಶವೆಂದು ತೋರಿಸಿದ್ದಾರೆ. ಇವು ಜನರೇ ಕಡಿಮೆ ಮಾಡಬೇಕು ಎಂದು ಹೇಳಿದ ಖರ್ಚುಗಳು ಎಂಬುದೂ ನಿಜ. ಆದರೆ ಕೈಯಲ್ಲಿ ಪೆನ್ನು ಹಿಡಿದು ಬಂದ ಪರಸ್ಥಳದವನ ಎದುರಿಗೆ ಯಾವ ಬಡವ 'ನನಗೆ ಹೋಟೆಲಿನ ಚಹಾ ಬೇಕು' ಅಂದಾನು? ಹೋಟೆಲಿನಲ್ಲಿ ಎಲ್ಲರ ಬೆಂಚಿನ ಮೇಲೆ ಕುಂತು, ಎಲ್ಲರ ಲೋಟದಲ್ಲಿ ಚಹಾ ಕುಡಿಯಲು ನಮ್ಮ ಹಿರಿಯರು ಪೆಟ್ಟು ತಿಂದಿದ್ದಾರೆ. ಆ ಚಹಾ ಒಂದು ಲೆಕ್ಕದಲ್ಲಿ ಆಮಿಷ, ಇನ್ನೊಂದು ಲೆಕ್ಕದಲ್ಲಿ ಸ್ವಾಭಿಮಾನ. ಯಾವ ಲೆಕ್ಕದ ಪುಸ್ತಕ ಎಂಬುದನ್ನು ಯಾರು ಆರಿಸಬೇಕು? ನಮ್ಮ ಟ್ಯಾಬಿನಲ್ಲಿಯೂ ಹಾಗೆಯೇ ಇತ್ತು. ಬೀಜ, ಗೊಬ್ಬರಕ್ಕೆ ತಂದದ್ದು ಉತ್ಪಾದಕ ಸಾಲ. ಆಯಿ ಮಗಳ ಬಾಣಂತನಕ್ಕೆ ತಂದದ್ದು ಅನುತ್ಪಾದಕ ಸಾಲ. ಒಂದು ಕೂಸು ಭೂಮಿಗೆ ಬಂದದ್ದು ಉತ್ಪಾದನೆಯಲ್ಲ ಎಂದು ನಾವೇ ಬೆರಳಿನಿಂದ ಒತ್ತಿ ಗುರುತು ಮಾಡಿದ್ದೇವೆ.

ಜಾತಿಯ ಮಾತಿಗೆ ಬಂದರೆ ಸಂಶೋಧನೆಯೇ ಒಂದು ಸತ್ಯವನ್ನು ಒಪ್ಪಿಕೊಂಡಿದೆ. ಫಿಸ್ಮನ್, ಪರವಿಸಿನಿ, ವಿಗ್ ಎಂಬವರು ಭಾರತದ ಒಂದು ಸರ್ಕಾರಿ ಬ್ಯಾಂಕಿನ ಸಾಲದ ದಾಖಲೆಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಅಧಿಕಾರಿ ವರ್ಗವಾಗಿ ಹೋಗಿ ಬೇರೊಬ್ಬ ಬಂದಾಗ ಏನಾಗುತ್ತದೆ ಎಂದು ನೋಡಿದರು. ಅಧಿಕಾರಿಯದೂ ಸಾಲಗಾರನದೂ ಜಾತಿ ಧರ್ಮ ಒಂದೇ ಆದರೆ ಸಾಲ ಹೆಚ್ಚು ಸಿಗುತ್ತದೆ, ಅಡಮಾನ ಕಡಿಮೆ ಕೇಳುತ್ತಾರೆ, ಮರುಪಾವತಿಯೂ ಚೆನ್ನಾಗಿ ಆಗುತ್ತದೆ. ಎಂದರೆ 'ಸಾಲಕ್ಕೆ ಅರ್ಹ' ಎಂಬುದು ಮನುಷ್ಯನ ಗುಣವಲ್ಲ, ಇಬ್ಬರ ನಡುವಿನ ನಂಬಿಕೆ. ಮತ್ತು ನಂಬಿಕೆಗೆ ನಮ್ಮ ದೇಶದಲ್ಲಿ ಜಾತಿ ಇದೆ. ಹಾಗಾದರೆ ಮೇಜಿನ ಆಚೆ ಬದಿ ನಮ್ಮವರು ಎಷ್ಟು ಮಂದಿ ಕುಂತಿದ್ದಾರೆ? ತಲೆಮಾರುಗಳಿಂದ ತಮ್ಮ ಹೊಲ, ದನ, ರಾಶಿ ಎಲ್ಲವನ್ನೂ ನಮ್ಮ ಕೈಗೆ ಒಪ್ಪಿಸಿ ನೆಮ್ಮದಿಯಾಗಿ ಮಲಗಿದವರಿಗೆ, ಸಾಲದ ಮಾತು ಬಂದ ಕೂಡಲೆ ನಾವು ನಂಬಲಾಗದವರು ಹೇಗಾದೆವು?

ಪ್ರೊಫೆಸರುಗಳು ಹೇಳಬಹುದು: ನಮ್ಮ ಕೆಲಸ ಅಳೆಯುವುದು, ಸಾಲ ತೀರಿಸುವುದಲ್ಲ, ಜ್ವರ ನೋಡುವ ಡಾಕ್ಟರು ಜ್ವರಕ್ಕೆ ಹೊಣೆಯಲ್ಲ. ಒಪ್ಪಿದೆವು. ಸಂಶೋಧಕ ಬಂದು ಆಯಿಯ ಗಂಟು ಬಿಡಿಸಲಿ ಎಂದು ನಾವು ಕೇಳುತ್ತಿಲ್ಲ. ಆದರೆ ಜ್ವರ ನೋಡಿದ ಡಾಕ್ಟರು ಎಷ್ಟಿದೆ ಎಂದು ರೋಗಿಗೆ ಹೇಳಿ ಹೋಗುತ್ತಾನಲ್ಲ! ಇಲ್ಲಿ ರೋಗಿಯೊಬ್ಬನನ್ನು ಬಿಟ್ಟು ಜಗತ್ತಿಗೆಲ್ಲ ಹೇಳುತ್ತಾರೆ. ನಿಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ ಎಂದು ಒಪ್ಪಿಗೆಪತ್ರ ಓದಿ ಹೆಬ್ಬಟ್ಟು ತಗೊಂಡೆವು. ಹೆಸರು ಮುಚ್ಚಿಡಬೇಕು, ಅದು ಸರಿಯೇ. ಹೆಬ್ಬಟ್ಟು ಒತ್ತುವುದು ಮಾತ್ರ ನಮ್ಮ ಜನಕ್ಕೆ ಹೊಸದಲ್ಲ. ಆಕೆ ಕೇಳಿದ್ದು ಹೆಸರಿನ ಮಾತಲ್ಲ, 'ಏನ್ ಮಾಡ್ತೀರಿ' ಎಂದು.

ಒಬ್ಬಾಕೆಯ ಮುಕ್ಕಾಲು ತಾಸು, ಆಕೆಯ ನಾಚಿಕೆ, ಆಕೆಯ ನೋವು – ಇದನ್ನು ಇಸಿದುಕೊಂಡು ಹೋದರೆ ಅದು ಕೈಗಡವೇ. ತಿರುಗಿಸಬೇಕು. ಏನು ಕಂಡಿತು ಎಂಬುದನ್ನು ಅದೇ ಓಣಿಗೆ ಬಂದು, ನಮ್ಮ ಮಾತಿನಲ್ಲಿ ಹೇಳಬೇಕು. ಮುಂದಿನ ಸಲ ಏನು ಕೇಳಬೇಕು ಎಂಬುದರಲ್ಲಿ ಕೇರಿಗೂ ಪಾಲು ಬೇಕು. ಪ್ರಶ್ನೆ ಬರೀ ಕೆಳಗಿನವರಿಗಲ್ಲ, ಮೇಲಿನವರಿಗೂ ಹೋಗಬೇಕು. ನಿನಗೆ ಸಾಲ ಯಾಕೆ ಸಿಗಲಿಲ್ಲ ಎಂದು ಆಯಿಯನ್ನು ಕೇಳಿದವರು, ಯಾಕೆ ಕೊಡಲಿಲ್ಲ ಎಂದು ಮ್ಯಾನೇಜರನನ್ನೂ, ಎಷ್ಟು ಎತ್ತಿಕೊಂಡೆ ಎಂದು ಸಾವಕಾರನನ್ನೂ ಅದೇ ಮುಕ್ಕಾಲು ತಾಸು ಕೂರಿಸಿ ಕೇಳಬೇಕು. ಅಂಬೇಡ್ಕರರು 1918ರಲ್ಲಿ ಸಣ್ಣ ಹಿಡುವಳಿಗಳ ಬಗ್ಗೆ ಬರೆದಾಗ ಮಾಡಿದ್ದು ಇದನ್ನೇ. ಹೊಲ ಚಿಕ್ಕದಾದ್ದೇ ರೋಗ ಎಂದು ಎಲ್ಲರೂ ಅನ್ನುತ್ತಿದ್ದಾಗ, ಹೊಲಕ್ಕೆ ತಕ್ಕ ಬಂಡವಾಳ, ಉಪಕರಣ ಇದೆಯೇ ಎಂದು ಪ್ರಶ್ನೆಯನ್ನೇ ತಿರುಗಿಸಿದರು. 1923ರಲ್ಲಿ ರೂಪಾಯಿಯ ಸಮಸ್ಯೆಯನ್ನೇ ಗ್ರಂಥವಾಗಿ ಬರೆದರು. ರೊಕ್ಕ ಮುಟ್ಟಬಾರದೆಂದ ಜಾತಿಯಿಂದ ಬಂದವರು ರೊಕ್ಕದ ಶಾಸ್ತ್ರವನ್ನು ಮುಟ್ಟಿ ತೋರಿಸಿದರು.

ತಿರುಗಿಸದಿದ್ದರೆ ಏನಾಗುತ್ತದೆ? ಅಂಕಿಯೇ ಸುಳ್ಳಾಗುತ್ತದೆ. ಗ್ರಾಮೀಣ ಮನೆಗಳಲ್ಲಿ ನೂರಕ್ಕೆ 35 ಸಾಲದಲ್ಲಿವೆ ಎಂದು 2019ರ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಬೇವಿನ ಗಿಡದ ಕೆಳಗೆ ಹೇಳಿದ ಸಾಲಗಳು ಇಂಥ ಲೆಕ್ಕದಲ್ಲಿ ಎಷ್ಟು ಸೇರಿರುತ್ತವೆ? ಭಾರತದಲ್ಲಿ ದೊಡ್ಡವರ ಪೈಕಿ ನೂರಕ್ಕೆ 78 ಮಂದಿಗೆ ಖಾತೆ ಇದೆ ಎಂದು ವಿಶ್ವಬ್ಯಾಂಕು 2021ರ ಲೆಕ್ಕ ಕೊಟ್ಟಿತು. ಖಾತೆ ಇದ್ದವರಲ್ಲಿ ನೂರಕ್ಕೆ 35 ಮಂದಿ ಅದನ್ನು ವರ್ಷವಿಡೀ ಮುಟ್ಟಿರಲಿಲ್ಲ ಎಂದೂ ಹೇಳಿತು. ಪಾಸ್‌ಬುಕ್ಕು ಕೊಟ್ಟು ಪ್ರವೇಶವಾಯಿತು ಎಂದರೆ ಹೀಗೇ ಆಗುವುದು. ಅತ್ತ ಕಿರುಸಾಲದ ವಸೂಲಿಗಾರರ ಕಿರುಕುಳಕ್ಕೆ ಹಳ್ಳಿಗಳು ತತ್ತರಿಸಿದ ಮೇಲೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಬಾಗಿಲಿಗೆ ಬಂದು ಕುಂತ ಸಾಲವೂ ಪ್ರವೇಶವೇ. ಆದರೆ ಅದು ಯಾರ ಮನೆಗೆ ಯಾರ ಪ್ರವೇಶ?

ಮೇಲಿನವರನ್ನು ಕೇಳುವ ಮೊದಲು ನಮ್ಮ ಬಾಕಿಯನ್ನೂ ಹೇಳಿಕೊಳ್ಳಬೇಕು. ಫಾರಮ್ಮಿಗಿಷ್ಟು ಎಂದು ಕೂಲಿ ತಗೊಂಡವರು ನಾವು. ಇಂಗ್ಲಿಷು ಓದಬಲ್ಲೆವೆಂಬ ಹಮ್ಮಿನಲ್ಲಿ ಆಯಿಯ ಎದುರಿಗೆ ಪರಸ್ಥಳದವರಂತೆ ಕುಂತವರೂ ನಾವೇ. ಆ ಬಾಕಿ ತೀರಿಸಲು ಒಂದು ಸಂಜೆ ಅದೇ ಕಟ್ಟೆಯ ಮೇಲೆ ಹೈದರಾಬಾದಿನ ಅಧ್ಯಯನವನ್ನು ಹೇಳಿದೆವು. ಹತ್ತು ಸಾವಿರ ಸಾಲ, ಐವತ್ತು ವಾರದ ಕಂತು, ಬಡ್ಡಿ ನೂರಕ್ಕೆ 12 ಎಂದೆವು. 'ಕಟ್ಟಿದ ಅಸಲಿಗೂ ಬಡ್ಡಿ ಹಿಡಿತಾರೇನು?' ಎಂದು ಒಬ್ಬಾಕೆ ಕೇಳಿದಳು. ಹೌದು, ಪೂರಾ ಹತ್ತು ಸಾವಿರದ ಮೇಲೆ. 'ಹಂಗಾದ್ರ ಅದು ಹನ್ನೆರಡಲ್ಲ, ಇಪ್ಪತ್ನಾಲ್ಕು.' ಅಧ್ಯಯನದಲ್ಲಿಯೂ 24 ಎಂದೇ ಇದೆ. ಆಯಿ ಅಲ್ಲಿಯೇ ಇದ್ದಳು. 'ಮೊದಲ ಸಲ ಬಂದಾಗ ಹಿಂಗ ಕುಂತು ಹೇಳಿದ್ರ ನಾನೂ ಖರೇ ಹೇಳ್ತಿದ್ದೆ' ಅಂದಳು.

ಈ ಪತ್ರಿಕೆ ಓದುವ ಹಳ್ಳಿಯ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನಮ್ಮದು ಒಂದೇ ಮಾತು. ನಿಮ್ಮ ಓಣಿಗೆ ಸರ್ವೇ ಮಾಡುವವರು ಬಂದರೆ ಓಡಿಸಬೇಡಿ. ಕಟ್ಟೆಯ ಮೇಲೆ ಕೂರಿಸಿ, ನೀರು ಕೊಡಿ, ಕುಡಿಯುತ್ತಾರೋ ಇಲ್ಲವೋ ನೋಡಿ. ಆಮೇಲೆ ಆಯಿಯ ಪ್ರಶ್ನೆ ಕೇಳಿ: ಬರಕೊಂಡು ಹೋಗಿ ಏನು ಮಾಡುತ್ತೀರಿ, ಯಾವಾಗ ಬಂದು ಹೇಳುತ್ತೀರಿ? ದಿನಾಂಕ ಬರೆಸಿಕೊಳ್ಳಿ, ಅವರ ಸಹಿ ಹಾಕಿಸಿಕೊಳ್ಳಿ. ನಮ್ಮ ಹೆಬ್ಬಟ್ಟು ಅವರ ಹತ್ತಿರ ಇರುವಾಗ ಅವರ ಸಹಿ ನಮ್ಮ ಹತ್ತಿರ ಇರಲಿ. ಹಾಗೇ, ವಾರಕ್ಕೊಂದು ಸಂಜೆ ಶಾಲೆಯ ಪಡಸಾಲೆಯಲ್ಲಿ ಸಂಘದ ಸಾಲದ ಚೀಟಿಗಳನ್ನು ಎದುರಿಗಿಟ್ಟುಕೊಂಡು ಹೆಣ್ಣುಮಕ್ಕಳ ಜೊತೆ ಬಡ್ಡಿಯ ಲೆಕ್ಕ ಹಾಕಿ. ಬಾಯಿಲೆಕ್ಕ ಅವರದು, ಬರೆಯುವ ಕೈ ನಿಮ್ಮದು. ಆ ಪುಸ್ತಕ ಕೇರಿಯಲ್ಲೇ ಇರಲಿ.